ಮಲೆನಾಡಿನ ಮಳೆಗೆ ಬಾಳುವ ತಲೆ ಬ್ಯಾಟ್ರಿ: ಲೂಮೆನ್‌ಗಿಂತ ಮೊದಲು ನೋಡಬೇಕಾದ್ದು

ಹೆಡ್‌ಲ್ಯಾಂಪಿನ ಪೆಟ್ಟಿಗೆ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚಾಗಿರುವುದು ಲೂಮೆನ್, ಅಂದರೆ ಬೆಳಕು ಎಷ್ಟು ಎಂಬ ಅಳತೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳಕು ಸಾಲಲಿಲ್ಲ ಎಂಬ ಕಾರಣಕ್ಕೆ ಮೂಲೆ ಸೇರಿದ ಹೆಡ್‌ಲ್ಯಾಂಪ್ ಅಪರೂಪ. ಅವು ಹಾಳಾಗುವುದು ಹೆಚ್ಚಾಗಿ ಎರಡು ದಾರಿಯಲ್ಲಿ. ಒಂದು, ಆಷಾಢದ ಮಳೆಗೆ ಒಳಗೆ ನೀರು ಹೋಗಿ. ಇನ್ನೊಂದು, ಅಡಿಕೆ ಸುಗ್ಗಿ ಮುಗಿದ ಮೇಲೆ ಮೊಳೆಗೆ ನೇತುಹಾಕಿ ಮರೆತು, ಮತ್ತೆ ಕೈಗೆತ್ತಿಕೊಳ್ಳುವಾಗ ಸೆಲ್ ಸತ್ತು. ಪಟ್ಟಿ ಸಡಿಲಾಗುವುದು, ಕತ್ತು ಮುರಿಯುವುದು ಎಲ್ಲ ಆಮೇಲಿನ ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಊರಿಗೆ ಹೆಡ್‌ಲ್ಯಾಂಪ್ ಆರಿಸುವ ಕ್ರಮವೇ ಬೇರೆ: ಮೊದಲು ನೀರು, ಆಮೇಲೆ ಸೆಲ್, ಆಮೇಲೆ ಚಾರ್ಜಿಂಗ್, ಕಡೆಗೆ ಬೆಳಕು.

ಕೆಲಸ ಯಾವುದೆಂದು ಮೊದಲೇ ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಹಾಲು ಕರೆಯುವುದು, ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವುದು, ನಸುಕಿನಲ್ಲೇ ರಬ್ಬರ್ ಟ್ಯಾಪಿಂಗ್‌ಗೆ ಹೋಗುವುದು, ಸುರಿವ ಮಳೆಯಲ್ಲಿ ಗುಡ್ಡ ಹತ್ತಿ ಅಬ್ಬಿ ನೀರಿನ ಪೈಪಿಗೆ ಸಿಕ್ಕಿಕೊಂಡ ಎಲೆ ತೆಗೆಯುವುದು, ತ್ರೀ ಫೇಸ್ ರಾತ್ರಿ ಬಂದಾಗ ಪಂಪ್ ಸ್ಟಾರ್ಟರ್ ಬಿಚ್ಚುವುದು. ಇವುಗಳಲ್ಲಿ ದೂರದ ಬೆಳಕು ಬೇಕಾಗುವ ಕೆಲಸ ಒಂದೂ ಇಲ್ಲ. ಎಲ್ಲವೂ ಕೈಗೆಟುಕುವ ದೂರದವು, ಇಲ್ಲವೆ ಹತ್ತು ಹೆಜ್ಜೆ ಮುಂದಿನವು. ಅರ್ಧ ಕಿಲೋಮೀಟರ್ ಹೊಡೆಯುವ ಲೈಟು ತೋಟದ ಕೆಲಸಕ್ಕೆ ಬೇಡ. ಅದನ್ನು ತಲೆಗೆ ಕಟ್ಟಿಕೊಂಡು ಕಾಡಂಚಿನಲ್ಲಿ ರಾತ್ರಿ ಓಡಾಡಿದರೆ ಶಿಕಾರಿಗೆ ಬಂದವರೆಂದು ಅರಣ್ಯ ಇಲಾಖೆಯವರು ನಿಲ್ಲಿಸಿ ಕೇಳುವುದೂ ಸಹಜವೇ.

ನೀರು ನುಗ್ಗುವ ಕಂಡಿಗಳನ್ನು ಎಣಿಸಿ

ಸಂತೆಯಲ್ಲಿ ಮುನ್ನೂರು, ನಾನೂರು ರೂಪಾಯಿಗೆ ಸಿಗುವ ಮಾಮೂಲಿ ಹೆಡ್‌ಲ್ಯಾಂಪ್ ತಗೊಳ್ಳಿ. ಮುಂದೆ ಝೂಮ್ ಆಗುವ ದೊಡ್ಡ ಬುರುಡೆ, ಹಿಂದೆ ಸೆಲ್ ಪೆಟ್ಟಿಗೆ, ನಡುವೆ ವೈರು. ನೀರು ಒಳಗೆ ಹೋಗಬಹುದಾದ ಜಾಗ ಎಣಿಸಿದರೆ ಲೆನ್ಸಿನ ಅಂಚು, ಝೂಮ್ ಕೊರಳು, ವೈರಿನ ಎರಡು ತುದಿ, ಸ್ವಿಚ್ಚು, ಚಾರ್ಜಿಂಗ್ ಕಂಡಿ, ಸೆಲ್ ಮುಚ್ಚಳ, ಹೀಗೆ ಏಳು. ಇದರಲ್ಲಿ ಕೆಟ್ಟದ್ದು ಝೂಮ್ ಕೊರಳು. ಅದನ್ನು ಮುಂದಕ್ಕೆ ಎಳೆದಾಗ ಒಳಗಿನ ಜಾಗ ಹಿಗ್ಗುತ್ತದೆ, ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂಚಿನಲ್ಲಿ ಮಳೆನೀರು ನಿಂತಿದ್ದರೆ ಗಾಳಿಯ ಬದಲು ನೀರೇ ಒಳಗೆ. ಪ್ರತಿ ಸಲ ಝೂಮ್ ಮಾಡಿದಾಗಲೂ ಒಂದು ಗುಟುಕು. ಹಾಗಾಗಿ ಬೇರೆ ಏನನ್ನೂ ನೋಡದಿದ್ದರೂ ಸರಿ, ಮಳೆಗಾಲಕ್ಕೆ ಝೂಮ್ ಇರುವುದನ್ನು ಕೊಳ್ಳಬೇಡಿ.

ವೈರಿನ ತುದಿಯದು ಇನ್ನೊಂದು ಬಗೆಯ ತೊಂದರೆ. ಬುರುಡೆಯನ್ನು ಮೇಲೆ ಕೆಳಗೆ ಬಾಗಿಸಿದಂತೆಲ್ಲ ವೈರು ಒಳಹೋಗುವ ಜಾಗದಲ್ಲಿ ಮಡಚುತ್ತದೆ. ಕೆಲವು ತಿಂಗಳಲ್ಲಿ ಮೇಲಿನ ರಬ್ಬರ್ ಬಿರುಕು ಬಿಡುತ್ತದೆ, ಒಳಗಿನ ತಾಮ್ರದ ಎಳೆ ಒಂದೊಂದೇ ಕಡಿಯುತ್ತದೆ. ತಲೆ ಆಡಿಸಿದಾಗ ಲೈಟು ಮಿಣಮಿಣ ಎನ್ನತೊಡಗಿದರೆ ಇದೇ ಕಾರಣ ಎಂದು ಬಹುಮಟ್ಟಿಗೆ ಹೇಳಬಹುದು.

ಈ ಲೆಕ್ಕದಲ್ಲಿ ಗೆಲ್ಲುವುದು ಎಲ್ ಆಕಾರದ ಲೈಟು. ಒಂದು ಗಿಡ್ಡ ಅಲ್ಯೂಮಿನಿಯಂ ಕೊಳವೆ, ಒಳಗೆ ಒಂದೇ ಸೆಲ್, ಕೊಳವೆಯ ಒಂದು ತುದಿಯಲ್ಲಿ ಪಕ್ಕಕ್ಕೆ ಮುಖ ಮಾಡಿದ ಎಲ್‌ಇಡಿ. ಅದು ಹಣೆಯ ಮೇಲೆ ಅಡ್ಡಕ್ಕೆ, ಸಿಲಿಕೋನ್ ಬಳೆಗಳಲ್ಲಿ ಕೂರುತ್ತದೆ. ವೈರಿಲ್ಲ, ಪೆಟ್ಟಿಗೆಯಿಲ್ಲ. ಬಾಗಿಸುವುದಕ್ಕೆ ಪ್ಲಾಸ್ಟಿಕ್ ಹಲ್ಲಿನ ಕತ್ತೂ ಇಲ್ಲ, ಬಳೆಯೊಳಗೆ ಕೊಳವೆಯನ್ನೇ ತಿರುಗಿಸಿದರಾಯಿತು. ಉಳಿಯುವ ಕಂಡಿ ಲೆನ್ಸು, ಸ್ವಿಚ್ಚು, ಮುಚ್ಚಳ, ಚಾರ್ಜಿಂಗ್ ಜಾಗ ಮಾತ್ರ. ಪಟ್ಟಿಯಿಂದ ತೆಗೆದರೆ ಕೈಬ್ಯಾಟ್ರಿಯೂ ಆಗುತ್ತದೆ. ಬಾಲದಲ್ಲಿ ಅಯಸ್ಕಾಂತ ಇರುವುದು ಸಿಕ್ಕಿದರೆ ಪಂಪ್‌ಹೌಸಿನ ಕಬ್ಬಿಣದ ಪೆಟ್ಟಿಗೆಗೆ ಅಂಟಿಸಿಬಿಡಬಹುದು. ಬೆಲೆ ಸಂತೆಯ ಲೈಟಿನ ಐದಾರು ಪಟ್ಟು ಆಗಬಹುದು. ಮಳೆಯಲ್ಲಿ ದುಡಿಯುವವರಿಗೆ ಅಷ್ಟು ಕೊಡುವುದು ದುಂದಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಕೊಟ್ಟಿಗೆ, ಜಗಲಿ ಬಿಟ್ಟು ಹೊರಗೆ ಹೋಗದ ಲೈಟಿಗೆ ಮಾತ್ರ ಇಷ್ಟು ಖರ್ಚು ಬೇಕಿಲ್ಲ.

ಧೂಳು, ನೀರನ್ನು ಲೈಟು ಎಷ್ಟು ತಡೆಯುತ್ತದೆ ಎಂದು ಹೇಳುವುದು ಪೆಟ್ಟಿಗೆ ಮೇಲಿನ ಐಪಿ ಸಂಖ್ಯೆ. ಅದನ್ನು ಓದುವುದು ಹೀಗೆ. ಎರಡನೇ ಅಂಕಿ ನೀರಿನದು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರು ತಡೆಯುತ್ತದೆ. ಐಪಿಎಕ್ಸ್6 ಎಂದರೆ ಜೋರಾಗಿ ಚಿಮ್ಮುವ ನೀರು. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. ಐಪಿಎಕ್ಸ್8 ಅದಕ್ಕೂ ಹೆಚ್ಚು, ಎಷ್ಟು ಆಳ ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಬರೆದಿರಬೇಕು. ಎಕ್ಸ್ ಇರುವ ಜಾಗದಲ್ಲಿ 6 ಇದ್ದರೆ ಧೂಳೂ ಹೋಗುವುದಿಲ್ಲ ಎಂದು. ಇದು ಮೆಟ್ಟಿಲಿನ ಹಾಗೆ ಪೂರ್ತಿ ಏರಿಕೆಯಲ್ಲ: ಐಪಿಎಕ್ಸ್7 ಎಂದಾಕ್ಷಣ ಐಪಿಎಕ್ಸ್6ರ ಪರೀಕ್ಷೆಯೂ ಪಾಸಾಗಿದೆ ಎಂದರ್ಥವಲ್ಲ. ನಿಂತ ನೀರಿನಲ್ಲಿ ಮುಳುಗುವುದು ಬೇರೆ, ಜೋರಾಗಿ ಬಡಿಯುವ ನೀರು ಬೇರೆ. ನಮ್ಮ ಮಳೆಗೆ ಐಪಿಎಕ್ಸ್4 ನೂಲಿನ ಮೇಲಿನ ನಡಿಗೆ. 7 ಅಥವಾ 8 ನೋಡಿ ತಗೊಳ್ಳಿ. ‘ವಾಟರ್‌ಪ್ರೂಫ್’ ಎಂದಷ್ಟೇ ಬರೆದು ಅಂಕಿ ಕೊಡದಿದ್ದರೆ ಏನೂ ಇಲ್ಲವೆಂದೇ ತಿಳಿಯಿರಿ.

ಈ ಅಂಕಿಗಳೆಲ್ಲ ಹೊಸ ಲೈಟಿನದು, ಸಿಹಿನೀರಿನದು. ಬೆವರಿನ ಉಪ್ಪು, ಅಡಿಕೆ ಚೊಗರು, ಮುಚ್ಚಳದ ಎಳೆಗೆ ಸಿಕ್ಕಿದ ಮರಳು ಲೆಕ್ಕದಲ್ಲಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಜೋರು ಬೆಳಕಿನಲ್ಲಿ ಹತ್ತಿಪ್ಪತ್ತು ನಿಮಿಷ ಉರಿದು ಬಿಸಿಯಾದ ಲೈಟು ಹಳ್ಳದ ತಣ್ಣೀರಿಗೆ ಬಿದ್ದರೆ ಒಳಗಿನ ಬಿಸಿಗಾಳಿ ತಟ್ಟನೆ ಕುಗ್ಗುತ್ತದೆ. ಆ ಸೆಳೆತಕ್ಕೆ ರಬ್ಬರ್ ಉಂಗುರದ ಪಕ್ಕದಿಂದ ನೀರು ಒಳನುಗ್ಗಬಹುದು. ಗಂಟೆಗಟ್ಟಲೆ ಮಳೆ ತಡೆದ ಲೈಟು ಸಂಕದಿಂದ ಜಾರಿ ಒಮ್ಮೆ ಹಳ್ಳಕ್ಕೆ ಬಿದ್ದಾಗ ಕೆಡುವುದಕ್ಕೆ ಇದೂ ಒಂದು ಕಾರಣ.

ಹೊಸ ಲೈಟು ಬಂದ ದಿನವೇ ಪರೀಕ್ಷೆ ಮಾಡಿಬಿಡಿ, ವಾಪಸು ಕೊಡುವ ಅವಧಿ ಇರುವಾಗಲೇ. ಐಪಿಎಕ್ಸ್7 ಅಥವಾ 8 ಇದ್ದು ಸೆಲ್ ಹೊರಗೆ ಬರುವಂಥದ್ದಾದರೆ: ಸೆಲ್ ತೆಗೆಯಿರಿ. ಕೊಳವೆಯೊಳಗೆ ಒಂದು ಟಿಶ್ಯೂ ಕಾಗದ ಸುರುಳಿ ಮಾಡಿ ಹಾಕಿ. ಮುಚ್ಚಳ ಪೂರ್ತಿ ತಿರುಗಿಸಿ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ತೇಲಿದರೆ ಮೇಲೆ ಒಂದು ಲೋಟ ಕವುಚಿ. ತೆಗೆದು ಹೊರಮೈ, ಎಳೆಯ ಸುತ್ತ ಚೆನ್ನಾಗಿ ಒರೆಸಿದ ಮೇಲೆಯೇ ಬಿಚ್ಚಿ. ಒರೆಸದೆ ಬಿಚ್ಚಿದರೆ ಹೊರಗಿನ ಹನಿ ಒಳಗೆ ಬಿದ್ದು ಸುಳ್ಳು ಉತ್ತರ ಕೊಡುತ್ತದೆ. ಕಾಗದ ಒಣಗಿದ್ದರೆ ಪಾಸು. ಐಪಿಎಕ್ಸ್4 ಲೈಟನ್ನು ಮುಳುಗಿಸಬೇಡಿ. ಶವರ್ ಕೆಳಗೆ ಹತ್ತು ನಿಮಿಷ, ಎಲ್ಲ ಮಗ್ಗುಲು ತಿರುಗಿಸಿ ಹಿಡಿದರೆ ಸಾಕು.

ಸೆಲ್

ಬೆಲೆಬಾಳುವುದೂ ಇದೇ, ಮೋಸ ಹೆಚ್ಚಿರುವುದೂ ಇಲ್ಲೇ. ಚಾರ್ಜ್ ಆಗುವ ಒಳ್ಳೆಯ ಹೆಡ್‌ಲ್ಯಾಂಪುಗಳಲ್ಲಿ ಸಾಮಾನ್ಯವಾಗಿ 18650 ಎಂಬ ಲಿಥಿಯಂ ಅಯಾನ್ ಸೆಲ್ ಇರುತ್ತದೆ. ಆ ಸಂಖ್ಯೆ ಅದರ ಅಳತೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಸ್ವಲ್ಪ ದೊಡ್ಡದು ಬೇಕೆಂದರೆ 21700, ಅದು 21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ. ಒಳ್ಳೆಯ 18650 ಸೆಲ್ಲಿನ ಸಾಮರ್ಥ್ಯ 2500ರಿಂದ 3500 ಎಂಎಎಚ್, 21700 ಸೆಲ್ಲಿನದು 5000 ಆಸುಪಾಸು. ಸಂತೆಯ ಸೆಲ್ಲಿನ ಮೇಲೆ 9900 ಎಂದು ಬರೆದಿದ್ದರೆ ಅದು ಬರೀ ಬರಹ. ಮನೆಯ ತಕ್ಕಡಿಯಲ್ಲೇ ಒಂದು ಮಟ್ಟಿಗೆ ಪತ್ತೆ ಹಚ್ಚಬಹುದು: ಸಾಚಾ 18650 ಸುಮಾರು 45ರಿಂದ 50 ಗ್ರಾಂ ತೂಗುತ್ತದೆ. 30 ಗ್ರಾಂ ಹತ್ತಿರ ಬಂದರೆ ಒಳಗೆ ಇರಬೇಕಾದಷ್ಟು ಸರಕು ಇಲ್ಲ. ಸೆಲ್ ಅಥವಾ ಪೆಟ್ಟಿಗೆ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 16046 ಎಂಬ ಮಾನಕ ಸಂಖ್ಯೆ, ‘ಆರ್’ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ.

ಸೆಲ್ ಹೊರಗೆ ತೆಗೆಯಲು ಬರುವಂಥದ್ದೇ ಇರಲಿ. ಒಳಗೇ ಕೂರಿಸಿ ಮುಚ್ಚಿದ ಹೆಡ್‌ಲ್ಯಾಂಪ್ ಹಗುರ, ಕಂಡಿಯೂ ಒಂದು ಕಡಿಮೆ, ನಿಜ. ಆದರೆ ಲಿಥಿಯಂ ಸೆಲ್ ಕೆಲವು ನೂರು ಚಾರ್ಜಿಗೆ ಸವೆಯುತ್ತದೆ. ಸವೆದ ದಿನ ಲೈಟೇ ಎಸೆಯಬೇಕು. ತೆಗೆಯಲು ಬರುವುದಾದರೆ ಸೆಲ್ ಮಾತ್ರ ಬದಲಿಸಿದರಾಯಿತು. ಮೇಲಾಗಿ, ಮೂರು ದಿನ ಕರೆಂಟಿಲ್ಲದ ಜುಲೈ ವಾರದಲ್ಲಿ ಜೇಬಿನಲ್ಲಿ ತುಂಬಿದ ಇನ್ನೊಂದು ಸೆಲ್ ಇದ್ದರೆ ಆ ಧೈರ್ಯವೇ ಬೇರೆ. ಸೆಲ್ಲನ್ನು ಬಿಡಿಯಾಗಿ ಜೇಬಿನಲ್ಲಿ ಕೀಲಿಕೈ, ಚಿಲ್ಲರೆ ಜೊತೆ ಇಡಬೇಡಿ. ಎರಡು ತುದಿಗೂ ಲೋಹ ತಗುಲಿದರೆ ಶಾರ್ಟ್ ಆಗಿ ತೊಡೆ ಸುಡುವಷ್ಟು ಕಾಯುತ್ತದೆ. ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅದರಲ್ಲಿಡಿ.

ಬದಲಿ ಸೆಲ್ ತರುವಾಗ ಎಡವುವುದು ಉದ್ದದಲ್ಲಿ. ತಳದಲ್ಲಿ ರಕ್ಷಣಾ ಸರ್ಕ್ಯೂಟ್ ಇರುವ ‘ಪ್ರೊಟೆಕ್ಟೆಡ್’ ಸೆಲ್ 65ಕ್ಕೆ ಬದಲು 68ರಿಂದ 70 ಮಿ.ಮೀ. ಉದ್ದ ಬರುತ್ತದೆ. ಅಳತೆಗೆ ಸರಿಯಾಗಿ ಮಾಡಿದ ಕೊಳವೆಯಲ್ಲಿ ಮುಚ್ಚಳ ಪೂರ್ತಿ ಕೂರುವುದಿಲ್ಲ. ಮುಚ್ಚಳ ಕೂರದಿದ್ದರೆ ರಬ್ಬರ್ ಉಂಗುರ ಒತ್ತುವುದಿಲ್ಲ, ನೀರಿಗೆ ದಾರಿ ಆಯಿತು. ಇನ್ನು ಪ್ಲಸ್ ತುದಿ ಚಪ್ಪಟೆಯೋ ಗುಬುಟು ಇದೆಯೋ ಎಂಬುದೂ ಮುಖ್ಯ. ಕೆಲವು ಲೈಟಿಗೆ ಚಪ್ಪಟೆ ಸೆಲ್ ತಾಗುವುದೇ ಇಲ್ಲ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಪಕ್ಕಪಕ್ಕ ಹಿಡಿದು ನೋಡುವುದು ಸುಲಭ.

ಎರಡು ಸೆಲ್ ಹಾಕುವ ಪೆಟ್ಟಿಗೆಯಾದರೆ ಎರಡೂ ಒಂದೇ ಕಂಪನಿಯವು, ಒಂದೇ ವಯಸ್ಸಿನವು, ಒಂದೇ ಮಟ್ಟಕ್ಕೆ ಚಾರ್ಜ್ ಆದವು ಇರಬೇಕು. ಹಳೆಯದಕ್ಕೊಂದು ಹೊಸದು ಜೋಡಿಸಿದರೆ, ಒಂದರ ಹಿಂದೊಂದು ಸರಣಿಯಲ್ಲಿರುವಾಗ ದುರ್ಬಲ ಸೆಲ್ ಪಾತಾಳಕ್ಕಿಳಿಯುತ್ತದೆ. ಅಕ್ಕಪಕ್ಕ ಸಮಾಂತರವಾಗಿದ್ದರೆ ಬಲವಾದದ್ದು ದುರ್ಬಲದ್ದಕ್ಕೆ ತಡೆಯಿಲ್ಲದೆ ಕರೆಂಟು ಸುರಿಯುತ್ತದೆ. ಈ ರಗಳೆ ಬೇಡವೆಂದೇ ಒಂದು ಸೆಲ್ಲಿನ ಲೈಟು ಮೇಲು.

ತೀರಾ ಅಗ್ಗದ, ಕೈಗೆ ಭಾರವಾದ ಕೆಲವು ಹೆಡ್‌ಲ್ಯಾಂಪಿನಲ್ಲಿ 4 ವೋಲ್ಟಿನ ಸಣ್ಣ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಅದನ್ನು ಖಾಲಿ ಬಿಟ್ಟರೆ ಒಳಗಿನ ತಗಡಿನ ಮೇಲೆ ಸಲ್ಫೇಟ್ ಹರಳುಗಟ್ಟಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಬಳಸುವ ನಮ್ಮಂಥವರಿಗೆ ಹೇಳಿ ಮಾಡಿಸಿದ ನಷ್ಟ.

ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, ಖಾಲಿಯಾದಾಗ ಸುಮಾರು 3 ವೋಲ್ಟ್. ಒಳ್ಳೆಯ ಲೈಟು ಅಲ್ಲಿಗೆ ತಾನೇ ಆರುತ್ತದೆ. ಆದರೆ ಆರಿದ ಮೇಲೂ ಎಲೆಕ್ಟ್ರಾನಿಕ್ ಸ್ವಿಚ್ಚು ಚೂರುಚೂರೇ ಕರೆಂಟು ಹೀರುತ್ತಿರುತ್ತದೆ. ಖಾಲಿ ಸೆಲ್ಲನ್ನು ಒಳಗೇ ಬಿಟ್ಟು ನೇತುಹಾಕಿದರೆ ತಿಂಗಳುಗಳಲ್ಲಿ ಅದು 2.5 ವೋಲ್ಟಿಗಿಂತ ಕೆಳಗಿಳಿಯುತ್ತದೆ. ಅಲ್ಲಿಂದ ಕೆಳಗೆ ಬಹಳ ಕಾಲ ಇದ್ದರೆ ಒಳಗಿನ ತಾಮ್ರದ ಹಾಳೆ ಕರಗತೊಡಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಅಪಾಯವಿದೆ. ಮಲ್ಟಿಮೀಟರಿನಲ್ಲಿ 2 ವೋಲ್ಟಿಗಿಂತ ಕಡಿಮೆ ತೋರಿಸಿದ ಸೆಲ್ಲನ್ನು ಎಬ್ಬಿಸಲು ಹೋಗಬೇಡಿ. ಮೊಬೈಲ್ ರಿಪೇರಿಯವರು ‘ಜಂಪ್ ಕೊಡ್ತೀನಿ’ ಎಂದರೂ ಬೇಡ ಅನ್ನಿ.

ಚಾರ್ಜಿಂಗ್

ಮೈಕ್ರೊ ಯುಎಸ್‌ಬಿ ಕಂಡಿ ಇರುವುದನ್ನು ಬಿಟ್ಟುಬಿಡಿ. ಅದರ ಒಳನಾಲಿಗೆ ತೆಳು, ಕತ್ತಲಲ್ಲಿ ಉಲ್ಟಾ ಚುಚ್ಚಿದರೆ ಬಾಗುತ್ತದೆ. ಯುಎಸ್‌ಬಿ-ಸಿ ಇರಲಿ. ಅದರಲ್ಲೂ ಒಂದು ಕಿರಿಕಿರಿ ಇದೆ. ಮೊಬೈಲಿನ ಹೊಸ ಚಾರ್ಜರಿಗೆ ಎರಡೂ ತುದಿ ಸಿ ಇರುವ ಕೇಬಲ್ ಹಾಕಿದಾಗ ಲೈಟು ಚಾರ್ಜೇ ಆಗುವುದಿಲ್ಲ, ಹಳೆಯ ಅಗಲ ತುದಿಯ ಕೇಬಲ್ ಹಾಕಿದರೆ ಆಗುತ್ತದೆ. ಲೈಟು ಕೆಟ್ಟಿದೆಯೆಂದು ಅಂದುಕೊಳ್ಳಬೇಡಿ. ಸಿ ಕಂಡಿಯ ಒಳಗೆ 5.1 ಕಿಲೋ ಓಮಿನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಅವನ್ನು ಕಂಡಮೇಲೆಯೇ ಸಿ ಚಾರ್ಜರ್ ಕರೆಂಟು ಬಿಡುವುದು. ಕೆಲವು ತಯಾರಕರು ಕಾಸು ಉಳಿಸಲು ಅದನ್ನೇ ಹಾಕಿರುವುದಿಲ್ಲ. ಅಂಥ ಲೈಟಿಗೆ ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನೇ ಜೋಪಾನ ಮಾಡಿ.

ಕಂಡಿಗೆ ಮುಚ್ಚುವ ರಬ್ಬರ್ ನಾಲಿಗೆ ಬೇಗ ಸೋಲುವ ಭಾಗ. ಸುಮ್ಮನೆ ಮೇಲೆ ಕೂರುವ ತೆಳು ಮುಚ್ಚಳ ಮೂರು ತಿಂಗಳಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ದಪ್ಪಗಿದ್ದು, ಬೂಚಿನ ಹಾಗೆ ಕಂಡಿಯೊಳಗೆ ಒತ್ತಿ ಕೂರುವಂಥದ್ದು ಬೇಕು. ಇದಕ್ಕಿಂತ ಒಳ್ಳೆಯದು, ಕಂಡಿಯ ಮೇಲೆ ಎಳೆ ಇರುವ ಲೋಹದ ಮುಚ್ಚಳ ತಿರುಗಿ ಕೂರುವ ವಿನ್ಯಾಸ. ಅಯಸ್ಕಾಂತದ ಕೇಬಲ್ ಅಂಟಿಸಿ ಚಾರ್ಜ್ ಮಾಡುವ ಲೈಟಿಗೆ ಕಂಡಿಯೇ ಇಲ್ಲ, ನೀರಿನ ಮಟ್ಟಿಗೆ ಅದೇ ಮೇಲು. ಆದರೆ ಆ ಕೇಬಲ್ ಆ ಕಂಪನಿಯದೇ ಆಗಬೇಕು, ಕಳೆದರೆ ಶಿವಮೊಗ್ಗದ ಅಂಗಡಿಗಳಲ್ಲಿ ಹುಡುಕಿ ಸುಸ್ತಾದೀರಿ. ಗ್ರೈಂಡರ್ ಹೊಡೆದ ಜಾಗದಲ್ಲಿಟ್ಟರೆ ಕಬ್ಬಿಣದ ಪುಡಿ ಅಂಟಿಕೊಳ್ಳುತ್ತದೆ, ಒರೆಸಿಯೇ ಚಾರ್ಜಿಗಿಡಿ.

ಕಂಡಿ ಒದ್ದೆಯಿರುವಾಗ ಚಾರ್ಜಿಗೆ ಹಾಕುವುದು ದೊಡ್ಡ ತಪ್ಪು. ನೀರಿನ ಮೂಲಕ 5 ವೋಲ್ಟ್ ಹರಿದರೆ ಒಂದೇ ರಾತ್ರಿಯಲ್ಲಿ ಪಿನ್ನುಗಳ ಮೇಲೆ ಹಸಿರು ಕಿಲುಬು ಏಳಬಹುದು. ಬಾಯಿ ಕೆಳಗೆ ಮಾಡಿ ಒದರಿ, ಬಟ್ಟೆಯ ಚೂಪು ತುದಿಯಿಂದ ಒರೆಸಿ, ಫ್ಯಾನ್ ಕೆಳಗೆ ಒಂದೆರಡು ಗಂಟೆ ಬಿಟ್ಟು ಆಮೇಲೆ ಹಾಕಿ. ಕಿಲುಬು ಆಗಿಬಿಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಬಹುದು.

3000 ಎಂಎಎಚ್ ಸೆಲ್ 1 ಆಂಪಿಯರಿನಲ್ಲಿ ತುಂಬಲು ಮೂರು ಗಂಟೆಯಲ್ಲ, ಮೂರೂವರೆಯಿಂದ ನಾಲ್ಕು ಗಂಟೆ ಬೇಕು, 4.2 ವೋಲ್ಟ್ ಮುಟ್ಟಿದ ಮೇಲೆ ಕರೆಂಟು ತಾನೇ ಇಳಿಯುತ್ತಾ ಹೋಗುತ್ತದೆ. ಆರೇಳು ಗಂಟೆಯಾದರೂ ದೀಪದ ಬಣ್ಣ ಬದಲಾಗದೆ ಸೆಲ್ ಬೆಚ್ಚಗೇ ಇದ್ದರೆ ತುಂಬಿದ ಮೇಲೆ ಚಾರ್ಜ್ ನಿಲ್ಲಿಸುವ ಕಟ್‌ಆಫ್ ಕೆಲಸ ಮಾಡುತ್ತಿಲ್ಲ, ಅಂಥದ್ದನ್ನು ರಾತ್ರಿ ಚಾರ್ಜಿಗಿಟ್ಟು ಮಲಗಬೇಡಿ. 10,000 ಎಂಎಎಚ್ ಪವರ್ ಬ್ಯಾಂಕಿನಿಂದ ಮೂರು ಸಲ ತುಂಬಬಹುದು ಎಂಬ ಲೆಕ್ಕ ತಪ್ಪು. ಪವರ್ ಬ್ಯಾಂಕಿನ ಆ ಅಂಕಿ 3.7 ವೋಲ್ಟಿನದು, ಅಂದರೆ 37 ವ್ಯಾಟ್-ಗಂಟೆ. 5 ವೋಲ್ಟಿಗೆ ಏರಿಸುವಾಗ ಸ್ವಲ್ಪ ನಷ್ಟ, ಲೈಟಿನೊಳಗೆ ಮತ್ತೆ ಇಳಿಸುವಾಗ ಇನ್ನಷ್ಟು. ಸುಮಾರು ಎರಡು ಸಲ ಎಂದಿಟ್ಟುಕೊಳ್ಳಿ.

ಬೆಳಕು ಎಷ್ಟು, ಎಂಥದ್ದು

ಹಾಲು ಕರೆಯಲು 10ರಿಂದ 20 ಲೂಮೆನ್ ಧಾರಾಳ. ಹೆಚ್ಚಾದರೆ ದನವೇ ಬೆದರುತ್ತದೆ. ಅಡಿಕೆ ಸುಲಿಯಲು 30ರಿಂದ 60. ತೋಟದ ಕಾಲುದಾರಿಯಲ್ಲಿ ನಡೆಯಲು, ರಬ್ಬರ್ ಟ್ಯಾಪಿಂಗ್‌ಗೆ 100ರಿಂದ 150. ಗುಡ್ಡದ ಮೇಲೆ ಏನೋ ಸದ್ದಾದರೆ ಒಂದೆರಡು ನಿಮಿಷಕ್ಕೆ 300ರಿಂದ 500. ಅದಕ್ಕಿಂತ ಮೇಲಿನದು ಪೆಟ್ಟಿಗೆಯ ಶೋಭೆಗೆ. ಸಾವಿರ ಲೂಮೆನ್ ಎಂದು ಬರೆದ ಪುಟ್ಟ ಲೈಟು ಕಾದು, ಒಂದರಿಂದ ಮೂರು ನಿಮಿಷದಲ್ಲಿ ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಅದು ದೋಷವಲ್ಲ, ಅಷ್ಟು ಬಿಸಿ ಹೊರಹಾಕುವ ಮೈ ಅದಕ್ಕಿಲ್ಲ.

ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. 3000 ಎಂಎಎಚ್ ಸೆಲ್ 3.6 ವೋಲ್ಟಿನಲ್ಲಿ 10.8 ವ್ಯಾಟ್-ಗಂಟೆ. ಒಳ್ಳೆಯ ಲೈಟು ಒಂದು ವ್ಯಾಟಿಗೆ ಸುಮಾರು 100 ಲೂಮೆನ್ ಕೊಡುತ್ತದೆ ಎಂದುಕೊಂಡರೆ 100 ಲೂಮೆನ್ನಿನಲ್ಲಿ ಹತ್ತು ಗಂಟೆ, 300ರಲ್ಲಿ ಮೂರೂವರೆ ಗಂಟೆ. ಅದೇ ಸೆಲ್ಲಿನಲ್ಲಿ 1000 ಲೂಮೆನ್ ಹತ್ತು ಗಂಟೆ ಎಂದು ಯಾರಾದರೂ ಬರೆದಿದ್ದರೆ ಅಂಗಡಿಗೇ ಬಿಟ್ಟು ಬನ್ನಿ. ಹೆಸರುವಾಸಿ ಕಂಪನಿಗಳು ಪಾಲಿಸುವ ಎಎನ್‌ಎಸ್‌ಐ ಎಫ್‌ಎಲ್1 ಮಾನಕದಲ್ಲೂ ಒಂದು ಜಾಣತನ ಅಡಗಿದೆ: ಅಲ್ಲಿ ಉರಿಯುವ ಅವಧಿ ಎಂದರೆ ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವವರೆಗಿನ ಹೊತ್ತು. ದೂರ ಎಂದರೆ ಬೆಳಕು 0.25 ಲಕ್ಸ್, ಅಂದರೆ ಹುಣ್ಣಿಮೆಯ ಬೆಳಕಿನಷ್ಟಕ್ಕೆ ಇಳಿಯುವ ಜಾಗ. 100 ಮೀಟರ್ ಎಂದರೆ ಕೆಲಸಕ್ಕೆ ಬರುವುದು ಅದರ ಅರ್ಧಕ್ಕಿಂತ ಕಡಿಮೆ.

ಬೆಳಕು ಸಮವಾಗಿ ನಿಲ್ಲುವ ಲೈಟು ಆರಿಸಿ. ಅಗ್ಗದವುಗಳಲ್ಲಿ ಸೆಲ್ಲಿಗೂ ಎಲ್‌ಇಡಿಗೂ ನಡುವೆ ಒಂದು ರೆಸಿಸ್ಟರ್ ಮಾತ್ರ, ಸೆಲ್ ಇಳಿದಂತೆ ಬೆಳಕೂ ಮಂಕು. ಕರೆಂಟನ್ನು ಹಿಡಿದಿಡುವ ಡ್ರೈವರ್ ಇದ್ದರೆ ಕಡೆಯವರೆಗೂ ಹೆಚ್ಚುಕಡಿಮೆ ಒಂದೇ ಬೆಳಕು. ಆದರೆ ಅಂಥದ್ದು ಮುಗಿಯುವಾಗ ಫಕ್ಕನೆ ಮುಗಿಯುತ್ತದೆ. ಸೆಲ್ ಇಳಿದಾಗ ಕಣ್ಣು ಮಿಟುಕಿಸಿ ಎಚ್ಚರಿಸುವ, ಇಲ್ಲವೆ ತಾನೇ ಸಣ್ಣ ಬೆಳಕಿಗೆ ಇಳಿಯುವ ಏರ್ಪಾಡು ಇರಬೇಕು.

ಬೆಳಕು ತಗ್ಗಿಸಲು ಕೆಲವು ಲೈಟುಗಳು ಎಲ್‌ಇಡಿಯನ್ನು ಬೇಗಬೇಗ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಅಡಿಕೆ ಸುಲಿಯುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರದ ಮುಂದೆ ಮಾತ್ರ ಇದು ಅಪಾಯ: ಮಿಣುಕಿನ ಲಯ ಮತ್ತು ಚಕ್ರದ ವೇಗ ಹೊಂದಿಕೊಂಡರೆ ತಿರುಗುವ ಚಕ್ರ ನಿಂತಂತೆ ಅಥವಾ ನಿಧಾನ ತಿರುಗಿದಂತೆ ಕಾಣುತ್ತದೆ. ಲೈಟನ್ನು ಸಣ್ಣ ಬೆಳಕಿನಲ್ಲಿಟ್ಟು ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆ ಮೇಲೆ ದಪ್ಪ ಕಪ್ಪು ಪಟ್ಟೆ ಹರಿದರೆ ಯಂತ್ರದ ಕೆಲಸಕ್ಕೆ ಅದು ಬೇಡ.

ಹತ್ತಿರದ ಕೆಲಸಕ್ಕೆ ನಡುವಿನಲ್ಲಿ ಚುಕ್ಕಿಯಿಲ್ಲದೆ ಅಗಲಕ್ಕೆ ಹರಡುವ ಬೆಳಕು ಕಣ್ಣಿಗೆ ಹಿತ. ಬಣ್ಣ 4000ರಿಂದ 5000 ಕೆಲ್ವಿನ್ ನಡುವೆ ಇರಲಿ. 6500ರ ನೀಲಿಬಿಳುಪು ಮಂಜಿನಲ್ಲಿ ಕಣ್ಣು ಕೋರೈಸುತ್ತದೆ. ಸಿಆರ್‌ಐ (ಬೆಳಕು ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) 90ರ ಮೇಲಿದ್ದರೆ ಬಣ್ಣ ನಿಜವಾಗಿ ಕಾಣುತ್ತದೆ, ಬೆಳಕು ತುಸು ಕಡಿಮೆಯಾದರೂ ಲಾಭವೇ. ಸ್ಟಾರ್ಟರಿನ ಹಳೆಯ ಕೆಂಪು, ಹಳದಿ, ನೀಲಿ ವೈರು ಗುರುತಿಸುವುದಕ್ಕೆ, ಕೆಚ್ಚಲು ಕೆಂಪಾಗಿದೆಯೇ ನೋಡುವುದಕ್ಕೆ, ರಾಶಿ ಇಡಿ ಅಡಿಕೆಯಲ್ಲಿ ಕೆಳದರ್ಜೆಯ ಗೊರಬಲು ಆರಿಸುವುದಕ್ಕೆ ಸಿಆರ್‌ಐ 70ರ ಲೈಟಿನಲ್ಲಿ ಕಣ್ಣು ಸೋಲುತ್ತದೆ. ಪಂಪ್‌ಹೌಸಿನಲ್ಲಿ ಎಂಥ ಲೈಟೇ ಇರಲಿ, ಮೊದಲು ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ.

ಮಂಜಿನಲ್ಲಿ ಬೆಳಕು ಹೆಚ್ಚಿಸಿದಷ್ಟೂ ಕಾಣುವುದು ಕಡಿಮೆ. ಲೈಟು ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಹನಿಗಳಿಗೆ ಬಡಿದ ಬೆಳಕು ನೇರ ಕಣ್ಣಿಗೇ ಮರಳುತ್ತದೆ. ತಗ್ಗಿಸಿ, ಸಾಧ್ಯವಾದರೆ ತೆಗೆದು ಸೊಂಟದ ಮಟ್ಟದಲ್ಲಿ ಹಿಡಿಯಿರಿ. ನಡಿಗೆಗೆ ಇನ್ನೊಂದು ಕಾರಣಕ್ಕೂ ಇದು ಒಳ್ಳೆಯದು. ಹಣೆಯ ಮೇಲಿನ ಬೆಳಕಿಗೆ ವಸ್ತುವಿನ ನೆರಳು ವಸ್ತುವಿನ ಹಿಂದೆಯೇ ಅಡಗುತ್ತದೆ. ನೆಲ ಚಪ್ಪಟೆಯಾಗಿ ಕಾಣುತ್ತದೆ. ದರಗಿನ ಮೇಲೆ ಸುರುಳಿ ಸುತ್ತಿ ಮಲಗಿದ ಮಂಡಲದ ಹಾವು ದರಗಿನ ಬಣ್ಣಕ್ಕೇ ಹೊಂದಿಹೋಗುತ್ತದೆ. ಸೊಂಟದ ಮಟ್ಟದ ಓರೆ ಬೆಳಕಿನಲ್ಲಿ ಅದರ ನೆರಳು ಉದ್ದ ಚಾಚಿ ಬೇಗ ಕಣ್ಣಿಗೆ ಬೀಳುತ್ತದೆ. ರಾತ್ರಿ ತೋಟಕ್ಕೆ ಹೋಗುವವರು ತಲೆಗೊಂದು, ಕೈಗೊಂದು ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ. ಮೊದಲ ಮಳೆಯ ಹಾತೆಗಳ ಕಾಟಕ್ಕೆ ಕೆಂಪು ಬೆಳಕಿನ ಮೋಡ್ ಉಪಯುಕ್ತ: ಹುಳಗಳು ನೀಲಿ, ನೇರಳೆ ಬೆಳಕಿಗೆ ಮುತ್ತುವಷ್ಟು ಕೆಂಪಿಗೆ ಮುತ್ತುವುದಿಲ್ಲ.

ತಲೆಯ ಮೇಲೆ

ಸೆಲ್ ಸೇರಿ 150 ಗ್ರಾಂ ಒಳಗಿದ್ದರೆ ಸುತ್ತುಪಟ್ಟಿ ಸಾಕು, ಮೀರಿದರೆ ನೆತ್ತಿಯ ಮೇಲಿನ ಪಟ್ಟಿಯೂ ಬೇಕು. ಹಿಂದೆ ಪೆಟ್ಟಿಗೆ ಇರುವುದು ತೂಕ ಸಮತೋಲ ಮಾಡುತ್ತದೆ, ಆದರೆ ರೇನ್‌ಕೋಟಿನ ಟೋಪಿಗೂ ಕಂಬಳಿ ಕೊಪ್ಪೆಗೂ ಅಡ್ಡ. ಪಟ್ಟಿ ಬಿಡಿಯಾಗಿ ಸಿಗುತ್ತದೆಯೇ ಕೇಳಿ. ಸ್ವಿಚ್ಚನ್ನು ಚೊಗರು ಹತ್ತಿದ ಕೈಯಲ್ಲೂ ಗ್ಲೌಸಿನಲ್ಲೂ ತಡವಿ ಹುಡುಕಲು ಬರಬೇಕು. ಒತ್ತಿದಾಗ ಮೊದಲು ಸಣ್ಣ ಬೆಳಕು ಬರಬೇಕು, ಆರಿಸಲು ಎಸ್‌ಒಎಸ್, ಮಿಣಮಿಣ ಎಲ್ಲ ದಾಟಿ ಹೋಗುವಂತಿರಬಾರದು. ಕೈ ಬೀಸಿದರೆ ಹೊತ್ತುವ ಸೆನ್ಸರ್ ತೋಟದಲ್ಲಿ ತಲೆನೋವು: ಸೋಗೆ ಅಡ್ಡ ಬಂದರೂ ಆರುತ್ತದೆ, ಸೊಳ್ಳೆ ಹೊಡೆದುಕೊಂಡರೂ ಆರುತ್ತದೆ. ಚೀಲದಲ್ಲಿ ತಾನೇ ಹೊತ್ತಿಕೊಳ್ಳದಂತೆ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿಡಬಹುದು. ಬಹುತೇಕ ಅಲ್ಯೂಮಿನಿಯಂ ಲೈಟುಗಳಲ್ಲಿ ಇದರಿಂದ ಕರೆಂಟು ಪೂರ್ತಿ ಕಡಿಯುತ್ತದೆ. ಮಳೆಗೆ ಹೊರಡುವ ಮೊದಲು ಮತ್ತೆ ಬಿಗಿ ಮಾಡಬೇಕು, ಅಷ್ಟೇ.

ಮಳೆಗಾಲದ ಮೊದಲು, ಸುಗ್ಗಿಯ ನಂತರ

ಮೇ ಕೊನೆಗೆ ಮುಚ್ಚಳ ಬಿಚ್ಚಿ, ರಬ್ಬರ್ ಉಂಗುರ ಹೊರತೆಗೆದು ನೋಡಿ. ಚಪ್ಪಟೆಯಾಗಿದ್ದರೆ, ಬಿರುಕಿದ್ದರೆ ಹೊಸದು ಹಾಕಿ. ಎಳೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಉಂಗುರಕ್ಕೆ ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರಿ. ವಾಟರ್ ಫಿಲ್ಟರ್ ರಿಪೇರಿಯವರ ಬಳಿ ಅದು ಇರುತ್ತದೆ, ಫಿಲ್ಟರ್ ಹೌಸಿಂಗಿನ ರಬ್ಬರಿಗೆ ಅವರೂ ಹಚ್ಚುವುದು ಅದನ್ನೇ. ಕೊಬ್ಬರಿ ಎಣ್ಣೆ, ಗಾಡಿಯ ಗ್ರೀಸ್ ಬೇಡ. ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ, ಗಾಡಿ ಗ್ರೀಸಿಗೆ ಕೆಲವು ರಬ್ಬರ್ ಊದಿಕೊಳ್ಳುತ್ತದೆ. ಮುಚ್ಚುವ ಕೆಲಸ ಮಳೆಯಿಲ್ಲದ ಬಿಸಿಲಿನ ಮಧ್ಯಾಹ್ನ ಮಾಡಿ. ಹಸಿಗಾಳಿ ಒಳಗೆ ಸೇರಿಸಿ ಮುಚ್ಚಿದರೆ ತಂಪು ರಾತ್ರಿ ಲೆನ್ಸಿನ ಒಳಗೇ ಇಬ್ಬನಿ ಕಟ್ಟುತ್ತದೆ. ಹಾಗೆ ಕಟ್ಟಿದರೆ ಸೆಲ್ ತೆಗೆದು, ಲೈಟನ್ನು ಬಾಯಿ ತೆರೆದೇ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಡಬ್ಬಿಯಲ್ಲಿ ಎರಡು ದಿನ ಇಡಿ. ಬಚ್ಚಲೊಲೆಯ ಹತ್ತಿರ, ಒಲೆ ಮೇಲಿನ ಅಟ್ಟದಲ್ಲಿ ಒಣಗಿಸುವುದಿದ್ದರೂ ಸೆಲ್ ಮಾತ್ರ ದೂರವಿರಲಿ. 45 ಡಿಗ್ರಿಗಿಂತ ಬಿಸಿಯಲ್ಲಿ ಅದನ್ನು ಚಾರ್ಜ್ ಮಾಡಲೂಬಾರದು.

ಸುಗ್ಗಿ ಮುಗಿದ ಮೇಲೆ ಪಟ್ಟಿ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಸೆಲ್ಲನ್ನು ಅರ್ಧ ಚಾರ್ಜಿನಲ್ಲಿ, ಅಂದರೆ 3.7ರಿಂದ 3.8 ವೋಲ್ಟಿನಲ್ಲಿ, ಲೈಟಿನಿಂದ ಹೊರತೆಗೆದು ತಂಪು ಜಾಗದಲ್ಲಿಡಿ. ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಟ್ಟರೂ ಸವೆತ ಹೆಚ್ಚು. ಮೂರು ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ, ಇಳಿದಿದ್ದರೆ ಅರ್ಧಕ್ಕೆ ತನ್ನಿ. ಒಳಗೇ ಕೂತ ಸೆಲ್ಲಿನ ಲೈಟಾದರೆ ಅರ್ಧ ಗಂಟೆ ಚಾರ್ಜಿಗೆ ಹಾಕಿ ತೆಗೆದರಾಯಿತು.

ಊದಿದ, ಮೇಲಿನ ಪ್ಲಾಸ್ಟಿಕ್ ಹರಿದ, ಚಾರ್ಜಿಗೆ ಹಾಕಿದರೆ ಕಾಯುವ ಸೆಲ್ಲನ್ನು ಬಳಸಬೇಡಿ. ಅದನ್ನು ಒಲೆಗೆ, ಗೊಬ್ಬರಗುಂಡಿಗೆ, ಹಳ್ಳಕ್ಕೆ ಎಸೆಯಲೂಬೇಡಿ. ಎರಡು ತುದಿಗೂ ಇನ್ಸುಲೇಶನ್ ಟೇಪ್ ಸುತ್ತಿ, ಗಾಜಿನ ಶೀಶೆಯಲ್ಲಿ ಬೇರೆ ಇಟ್ಟು, ಪೇಟೆಗೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯ ಸೆಲ್ ವಾಪಸು ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಹಾಗಾಗಿ ಹೊಸ ಸೆಲ್ ಕೊಳ್ಳುವಾಗಲೇ ಹಳೆಯದನ್ನು ತಗೊಳ್ಳುತ್ತೀರಾ ಎಂದು ಅಂಗಡಿಯವರನ್ನು ಕೇಳಿ.